ಹಿತ್ತಿಲಿಗೆ ಗೋಡೆ ಬಂದ ಮೇಲೆ

ಪುತ್ತೂರು ಪೇಟೆಯಿಂದ ಕಬಕಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ತುಸು ಒಳಗೆ ನಮ್ಮ ಮನೆ. ಹಿಂದೆ ಎರಡು ಕೋಣೆಯಷ್ಟು ಜಾಗದ ಹಿತ್ತಿಲು. ನಾನು ಮದುವೆಯಾಗಿ ಬಂದಾಗ ಅದು ಪೂರ್ತಿ ಅತ್ತೆಯ ಕಾರುಬಾರು. ಬಸಳೆ ಚಪ್ಪರ, ಬಚ್ಚಲ ನೀರು ಕುಡಿದು ಕೊಬ್ಬಿದ ಕೆಸು, ಮೂಲೆಯಲ್ಲಿ ತೆಂಗಿನ ಮಡಲುಗಳ ರಾಶಿ. ಆಚೆಮನೆಗೂ ನಮಗೂ ನಡುವೆ ದಾಸವಾಳದ ಬೇಲಿ. ಅದರಲ್ಲಿ ಕಾಲೆತ್ತಿ ದಾಟುವಂಥ ಒಂದು ತಡಮೆ.

ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ಆಚೆಮನೆಯ ಅಕ್ಕ ಆ ತಡಮೆ ದಾಟಿ ಬರುತ್ತಿದ್ದರು. ಅತ್ತೆಯ ವಯಸ್ಸಿನವರು. ಗಂಡ ತೀರಿಕೊಂಡ ಮೇಲೆ ತಮ್ಮನ ಸಂಸಾರದ ಜೊತೆಗಿದ್ದರು. ಇಬ್ಬರೂ ಚಪ್ಪರದ ನೆರಳಿನಲ್ಲಿ ಕುಳಿತು ಮಡಲು ಸೀಳಿ ಗುಡಿಸುವ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಿದ್ದರು, ಇಲ್ಲವೇ ಹಲಸಿನ ಸೊಳೆ ಬಿಡಿಸುತ್ತಿದ್ದರು. ಅರ್ಧ ತುಳು, ಅರ್ಧ ಕನ್ನಡದ ಅವರ ಮಾತು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು. ಒಮ್ಮೊಮ್ಮೆ ಅತ್ತೆ ಸೆರಗು ಬಾಯಿಗಿಟ್ಟು ನಗುವುದೂ ಕೇಳಿಸುತ್ತಿತ್ತು. ಮನೆಯೊಳಗೆ ಅವರು ಹಾಗೆ ನಕ್ಕದ್ದು ನಾನು ಕಂಡದ್ದಿಲ್ಲ.

ಹಿತ್ತಿಲನ್ನು ಬದಲಾಯಿಸುವ ಮಾತು ಎತ್ತಿದವಳು ನಾನೇ. ಮಗಳು ಶಾಲೆಯಿಂದ ಬಂದರೆ ಮೊಬೈಲು ಹಿಡಿದು ಕೋಣೆ ಸೇರುತ್ತಿದ್ದಳು. ಇವರು ಅಂಗಡಿಯಿಂದ ಬಂದವರು ಟಿವಿಯ ಮುಂದೆ ಕೂರುತ್ತಿದ್ದರು. ಸಂಜೆ ನಾಲ್ಕೂ ಜನ ಒಂದು ಕಡೆ ಕುಳಿತು ಚಹಾ ಕುಡಿಯುವ ಜಾಗ ಬೇಕೆಂಬ ಆಸೆ ನನಗೆ. ಅಷ್ಟರಲ್ಲಿ ಬೇಲಿಯಲ್ಲಿ ಹಾವಿನ ಪೊರೆ ಸಿಕ್ಕಿತು. ಹಾಗಾದರೆ ಗೋಡೆಯನ್ನೇ ಕಟ್ಟಿಸಿಬಿಡುವ ಎಂದರು ಇವರು.

ಅತ್ತೆಯನ್ನು ಕೇಳದೆ ಏನೂ ಮಾಡಲಿಲ್ಲ.

“ನಂದು ಎಂತ ಉಂಟು ಅದರಲ್ಲಿ?” ಎಂದರು ಅವರು. “ಎಲ್ಲರೂ ಕೂತ್ಕೊಳ್ಳಲಿಕ್ಕೆ ಅಲ್ವಾ? ಮಾಡಿ.”

ಬೇಸಗೆ ಬರುವ ಮೊದಲೇ ಕೆಲಸ ಮುಗಿಯಿತು. ಚಪ್ಪರ, ಕೆಸು, ಮಡಲಿನ ರಾಶಿ ಇದ್ದಲ್ಲಿ ಈಗ ಆಳೆತ್ತರದ ಗೋಡೆ, ನೆಲಕ್ಕೆ ಇಂಟರ್‌ಲಾಕ್, ಒಂದು ಕಬ್ಬಿಣದ ಉಯ್ಯಾಲೆ, ಗೋಡೆಯುದ್ದಕ್ಕೂ ಹೂವಿನ ಕುಂಡಗಳು. ಮೊದಮೊದಲು ಎಲ್ಲರೂ ಅಲ್ಲಿ ಕುಳಿತೆವು. ಬಿಸಿಲು ಏರಿದ ಮೇಲೆ ಇಂಟರ್‌ಲಾಕ್ ಸಂಜೆಯಾದರೂ ಸುಡುತ್ತಲೇ ಇರುತ್ತಿತ್ತು. ಮಗಳು ಕೋಣೆಗೆ ಮರಳಿದಳು, ಇವರು ಟಿವಿಗೆ.

ಗೋಡೆ ಎದ್ದ ಮೇಲೆ ಅಕ್ಕ ಒಂದು ದಿನ ರಸ್ತೆಯಿಂದ ಸುತ್ತಿ ಬಂದು ಮುಂಬಾಗಿಲಲ್ಲಿ ಬೆಲ್ ಒತ್ತಿದರು. ಅತ್ತೆ ಅವರನ್ನು ಸೋಫಾದಲ್ಲಿ ಕೂರಿಸಿದರು. ನಾನು ಬಿಸ್ಕತ್ತು ಇಟ್ಟು ಚಹಾ ಕೊಟ್ಟೆ.

“ಎಂತ ಅಕ್ಕ, ಈಗ ಬರುದೇ ಇಲ್ಲ ನೀವು?” ಎಂದೆ.

“ಎದುರಿಂದ ಬರುದಾದ್ರೆ ಸೀರೆ ಬದಲಿಸ್ಬೇಕಲ್ಲ ಮಾರಾಯ್ತಿ,” ಎಂದು ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಬಂದದ್ದು ಕಡಿಮೆ.

ಅತ್ತೆ ದೂರಲಿಲ್ಲ. ಮಧ್ಯಾಹ್ನ ಮಲಗತೊಡಗಿದರು, ಅಷ್ಟೆ. ಹಗಲು ಮಲಗುವ ಅಭ್ಯಾಸವೇ ಇಲ್ಲದವರು ಗೋಡೆಯ ಕಡೆ ಮುಖ ಮಾಡಿ ಕಣ್ಣು ಬಿಟ್ಟುಕೊಂಡೇ ಮಲಗಿರುವುದನ್ನು ಕಂಡ ದಿನ ನಾನು ಇವರಿಗೆ ಹೇಳಿದೆ: ಹಿತ್ತಿಲ ಗೋಡೆಯಲ್ಲೊಂದು ಸಣ್ಣ ಗೇಟು ಇಡಿಸುವ. ಇವರು ಆಚೆಮನೆಗೆ ಹೋಗಿ ಕೇಳಿಬಂದರು. ಅಕ್ಕನ ತಮ್ಮ ಒಪ್ಪಿದರು. “ಮಳೆ ಒಮ್ಮೆ ಕಳೀಲಿ” ಎಂದರಂತೆ. ಮಳೆ ಕಳೆಯುವ ಮೊದಲೇ ಅಕ್ಕ ಮದುವೆಯಾದ ಮಗಳ ಬಾಣಂತನಕ್ಕೆಂದು ಅವಳ ಊರು ಮಂಡೆಕೋಲಿಗೆ ಹೋದರು. ಮಗು ನೋಡಿಕೊಳ್ಳಲು ಜನ ಬೇಕೆಂದು ಮಗಳು ಅವರನ್ನು ಅಲ್ಲೇ ಉಳಿಸಿಕೊಂಡಳು. ಗೇಟಿನ ಮಾತು ಮತ್ತೆ ಬರಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಅತ್ತೆಯನ್ನು ಕಾರಿನಲ್ಲಿ ಮಂಡೆಕೋಲಿಗೆ ಕರೆದುಕೊಂಡು ಹೋದೆ. ಅತ್ತೆ ಬೆಳಿಗ್ಗೆಯೇ ತಲೆ ಬಾಚಿ ಸಿದ್ಧವಾಗಿದ್ದರು. ಅಕ್ಕ ಅವರನ್ನು ಕಂಡು ಎರಡೂ ಕೈ ಹಿಡಿದುಕೊಂಡರು. ಚಾವಡಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂರಿಸಿ, ಮನಸ್ಸು ಬಿಚ್ಚಿ ಮಾತಾಡಲಿ ಎಂದು ನಾನು ಒಳಗೆ ಹೋಗಿ ಮಗುವಿನ ಜೊತೆ ಕುಳಿತೆ. ಕೇಳಿಸಿದ್ದು ಮಂಡಿನೋವು, ಬಿ.ಪಿ. ಮಾತ್ರೆ, ಸೆಕೆ. ಸ್ವಲ್ಪ ಹೊತ್ತಿನಲ್ಲೇ ಅತ್ತೆ ಬಾಗಿಲಿಗೆ ಬಂದು, “ಹೊರಡುವನಾ?” ಎಂದರು.

ವಾಪಸು ಬರುವಾಗ, ಜಾಲ್ಸೂರು ದಾಟಿದ ಮೇಲೆ ನಾನೇ ಕೇಳಿದೆ, “ಇಷ್ಟು ಬೇಗ ಯಾಕೆ ಹೊರಟದ್ದು ಅತ್ತೆ?”

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. “ಕೈಯಲ್ಲಿ ಕೆಲಸ ಇಲ್ಲದೆ ಸುಮ್ನೆ ಕೂತು ಎಂತ ಮಾತಾಡುದು? ಮಾತೇ ಬರುದಿಲ್ಲ.”

ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಕುಂಬ್ರ ಬರುವವರೆಗೆ ನಾನು ಆ ಹಿತ್ತಿಲ ಬಗ್ಗೆ ಏನೋ ಹೇಳಬೇಕೆಂದು ಮಾತು ಕೂಡಿಸುತ್ತಲೇ ಇದ್ದೆ. ಅಷ್ಟರಲ್ಲಿ ಅವರೇ, ರಾತ್ರಿಗೆ ಎಂತ ಮಾಡುದು ಎಂದು ಕೇಳಿದರು. ಅನ್ನ ಉಂಟು, ಒಂದು ಸಾರು ಮಾಡಿದರೆ ಸಾಕು ಎಂದೆ.