ಮುದಿ ಆಡಿನ ಮೊಣಕಾಲು

ಮುಪ್ಪು ಬಹಳ ಘನವಾದ ವಿಷಯ. ಅದರ ಬಗ್ಗೆ ಮಾತಾಡುವವನಿಗೆ ದೀರ್ಘ ಅಧ್ಯಯನವೂ ವಿನಯವೂ ಬೇಕು. ನಾನು ಅದನ್ನು ಎಪ್ಪತ್ತರ ದಶಕದ ಕೊನೆಯಲ್ಲಿ, ಕೊಟ್ಟೂರಿನ ಒಂದು ದರ್ಜಿ ಅಂಗಡಿಯಲ್ಲಿ, ಪ್ಯಾಂಟು ಹೊಲಿಸಲು ಹೋದಾಗ ಹೇಳಿ ಮುಗಿಸಿದೆ.

ಆಗ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಅಂಗಡಿ ಇಬ್ಬರು ಅಣ್ಣತಮ್ಮಂದಿರದು. ಇದ್ದ ಒಂದೇ ಯಂತ್ರವನ್ನು ಅಣ್ಣ ತುಳಿಯುತ್ತಿದ್ದರು. ತಮ್ಮ ಕೆಳಗೆ ಚಾಪೆಯ ಮೇಲೆ ಕೂತು ಗುಂಡಿಯ ಕಾಜಾ ಹೊಲಿಯುತ್ತ, ಯಂತ್ರ ಯಾವಾಗ ತೆರವಾದೀತೆಂದು ವರ್ಷಗಳಿಂದ ನೋಡುತ್ತಿದ್ದ. ಅಣ್ಣನ ಮೊಣಕಾಲು ಈಚೆಗೆ ಕರಕರ ಅನ್ನತೊಡಗಿತ್ತು. ಅದಕ್ಕೆ ಅವರು ದಿನಾ ಆಡಿನ ಮರಿಯ ಕಾಲಿನ ಸೂಪು ಕುಡಿಯುತ್ತಿದ್ದರು. ಉಪಯೋಗ ಆದೀತೇ ಎಂದು ನನ್ನನ್ನೇ ಕೇಳಿದರು.

ಬೇರೆ ಯಾರಾದರೂ ಮರ್ಯಾದಸ್ಥನಾಗಿದ್ದರೆ ಕುಡಿಯಿರಿ ಅಂದು ಸುಮ್ಮನಾಗುತ್ತಿದ್ದ. ನಾನು ಪ್ರಯೋಗದ ತರಗತಿಗೆಂದು ಕಟುಕರಿಂದ ತರಿಸಿದ್ದ ಎರಡು ಕೀಲುಗಳನ್ನು ಮರುದಿನ ಚೀಲದಲ್ಲಿ ಹಾಕಿಕೊಂಡು ಹೋಗಿ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಬಿಚ್ಚಿಟ್ಟೆ. ಒಂದು ಮರಿಯದು: ಎಲುಬಿನ ತುದಿಗೆ ದಪ್ಪನೆಯ, ನೀಲಿ ಛಾಯೆಯ ಹೊಳೆಯುವ ಮೃದ್ವಸ್ಥಿ. ಇನ್ನೊಂದು ಮುದಿ ಆಡಿನದು: ಅದೇ ಮೃದ್ವಸ್ಥಿ ಹಳದಿಯಾಗಿ, ಸವೆದು, ಎಳೆ ಎದ್ದಿತ್ತು.

ರಕ್ತದಲ್ಲಿ, ಬೆಳೆಯಿರಿ ಎಂದು ಜೀವಕೋಶಗಳಿಗೆ ಕರೆ ಕೊಡುವ ಅಂಶಗಳಿವೆ. ಆ ಕರೆ ಕೇಳಿ ಮೃದ್ವಸ್ಥಿಯ ಜೀವಕೋಶಗಳು ನೀರು ಹಿಡಿದಿಡುವ ದೊಡ್ಡ ಅಣುಗಳನ್ನು ಕಟ್ಟುತ್ತವೆ. ಆ ನೀರೇ ಕೀಲಿಗೆ ಮೆತ್ತೆ ಎಂದು ವಿವರಿಸಿದೆ. ವಯಸ್ಸಾದಂತೆ ಕರೆಯೂ ಕ್ಷೀಣ, ಕೋಶಕ್ಕೂ ಕಿವುಡು. ತಾಲೂಕು ಕಚೇರಿಯ ಹಳೇ ಗುಮಾಸ್ತನ ಹಾಗೆ, ಗಂಟೆ ಬಾರಿಸಿದರೂ ಏಳುವುದಿಲ್ಲ; ಎದ್ದರೂ ಮಾಡುವುದು ಅರೆಬರೆ ಕೆಲಸ. ಇನ್ನು ಸೂಪು ಹೊಟ್ಟೆಯಲ್ಲೇ ಕರಗುತ್ತದೆ, ಅದಕ್ಕೆ ಮೊಣಕಾಲಿನ ವಿಳಾಸ ಗೊತ್ತಿಲ್ಲ.

ಅಣ್ಣ ಮುದಿ ಕೀಲಿನ ಮೇಲೆ ಹೆಬ್ಬೆರಳಾಡಿಸಿದರು. ಜರಿ ಬಟ್ಟೆ ನೋಡುವಾಗ ಹಾಗೆ ಆಡಿಸುತ್ತಿದ್ದರು.

"ಹಂಗಾರ ನಂದು ಇನ್ನ ಬೆಳಿಯಂಗಿಲ್ಲೇನ್ರಿ, ಸರ?"

"ಇಲ್ರಿ," ಅಂದೆ, ಉತ್ತರ ಗೊತ್ತಿದ್ದ ಖುಷಿಯಲ್ಲಿ.

ಚಾಪೆಯ ಮೇಲಿನ ಸೂಜಿ ನಿಂತಿತು. "ಕೇಳಿದಿಲ್ಲ ಭಾಯಿ? ಕಾಲೇಜಿನ ಸರ ಹೇಳಾಕತ್ಯಾರ. ನಿನ್ನ ಮೊಣಕಾಲಿಗೆ ಪೆನ್ಷನ್ ಆಗೈತಿ."

ನಾನು ನಕ್ಕೆ. ಮಾತು ಚೆನ್ನಾಗಿತ್ತು.

ಸವೆದ ಮೊಣಕಾಲಿನಲ್ಲೂ ಎಷ್ಟೋ ವರ್ಷ ಯಂತ್ರ ತುಳಿಯಬಹುದು ಎಂಬುದು ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ತಮ್ಮ ಬಂದ ಗಿರಾಕಿಗಳಿಗೆಲ್ಲ ಮುದಿ ಆಡಿನ ಕಥೆಯನ್ನು ನನ್ನ ಸಾಕ್ಷಿ ಸಮೇತ ಒಪ್ಪಿಸುತ್ತಿದ್ದ. ಅಣ್ಣ ಸೂಪು ಬಿಟ್ಟರು.

ರಂಜಾನಿನ ಹೊಲಿಗೆ ಶುರುವಾದಾಗ ಪ್ಯಾಂಟು ತರಲು ಹೋದೆ. ಯಂತ್ರದ ಮೇಲೆ ತಮ್ಮ ಕೂತಿದ್ದ. ಅಣ್ಣ ಚಾಪೆಯ ಮೇಲೆ ಕಾಲು ನೀಡಿಕೊಂಡು ಕಾಜಾ ಹೊಲಿಯುತ್ತಿದ್ದರು.