ಹೂವಿನ ಬಸ್ಸಿನ ಡ್ರೀಕಾ

ಹೋದ ವರ್ಷ ಪ್ರವಾಸಿಗರಿಗೆ ಹೂ ತೋರಿಸಿದ ಕೂಲಿಯೇ ಡ್ರೀಕಾಳ ಕೈಗೆ ಇನ್ನೂ ಬಂದಿಲ್ಲ. ಆದರೂ ಆಗಸ್ಟ್ ಬಂದು ದಕ್ಷಿಣ ಆಫ್ರಿಕಾದ ನಾಮಕ್ವಾಲ್ಯಾಂಡಿನ ಮರುಭೂಮಿ ಅರಳಿತೆಂದರೆ ಈ ಮುದುಕಿ ಕೊಡೆ ಹಿಡಿದು ಬಸ್ಸಿನ ಮುಂದಿನ ಸೀಟಿನಲ್ಲಿ ಹಾಜರು. "ಇವು ಸರ್ಕಾರಿ ಹೂಗಳು ಕಣ್ರೀ, ಹತ್ತಕ್ಕೆ ಬಾಗಿಲು ತೆಗೀತಾವೆ, ನಾಲ್ಕಕ್ಕೆ ಮುಚ್ತಾವೆ, ಮೋಡ ಬಂದ್ರೆ ರಜಾ!" ಎಂದು ದಿನಾ ಅದೇ ಮಾತು, ನಗದವರನ್ನು ನಗುವವರೆಗೆ ಬಿಡುವುದಿಲ್ಲ. ಅಡ್ಡ ಬಂದ ಮೋಡಕ್ಕೆ ಬೈಯುತ್ತಾಳೆ, ಹೂ ತುಳಿದವನು ಪಾದ್ರಿಯಾದರೂ ಮೊಣಕಾಲಿಗೆ ಕೊಡೆಯಿಂದ ಬಾರಿಸುತ್ತಾಳೆ. ಊಟಕ್ಕೆ ಮಾತ್ರ ಯಾರ ಜೊತೆಗೂ ಕೂರಳು. ಕರಿದ ರೊಟ್ಟಿಯ ಗಂಟು ಹಿಡಿದು, ಕಿತ್ತಳೆ ಬಣ್ಣದ ಹೂ ಎಲ್ಲಕ್ಕಿಂತ ದಟ್ಟವಾಗಿ ಚೌಕಾಕಾರ ತುಂಬಿದ ಜಾಗದ ನಡುವೆ ಒಬ್ಬಳೇ ಹೋಗಿ ಕುಕ್ಕರಿಸುತ್ತಾಳೆ. "ಏನ್ ಆಂಟಿ, ನಮಗೆ ಹೊಡೆದು ನೀವೇ ಹೂವಿನ ಮೇಲೆ ಕೂತ್ರಾ?" ಎಂದು ಡ್ರೈವರ್ ಗೆರ್ಟ್ ಛೇಡಿಸಿದರೆ, "ನಮ್ಮಡುಗೆಮನೇಲಿ ಕೂರೋಕೆ ನಿನ್ನ ಕೇಳ್ಬೇಕೇನೋ?" ಎನ್ನುತ್ತಾಳೆ. ಇಲ್ಲಿ ಹೂ ದಟ್ಟವಾಗಿ ಏಳುವುದು ಅಗೆದು ಕೆದಕಿದ ನೆಲದಲ್ಲೇ. ಬಿಳಿಯರ ಸರ್ಕಾರ ಅವಳ ಕೇರಿಯ ಮೇಲೆ ಬುಲ್ಡೋಜರ್ ಹರಿಸಿದ್ದು ಈ ನೆಲದಲ್ಲೇ, ಆ ಚೌಕ ಅವಳ ಮನೆಯಿದ್ದ ಜಾಗ. ಆ ನೆಲವನ್ನು ವಾಪಸ್ ಕೇಳಿದ ಅರ್ಜಿಗೆ ಈಗಿನ ಸರ್ಕಾರವೂ ಉತ್ತರ ಕೊಟ್ಟಿಲ್ಲ. ಸಹಿ ಹಾಕಿದ ಹನ್ನೊಂದು ಮಂದಿಯಲ್ಲಿ ಬದುಕಿ ಉಳಿದವಳು ಇವಳೊಬ್ಬಳು. ಹೂವಿನ ಫೋಟೊ ತೆಗೆದು ಮನೆಗೊಯ್ದವರೇ, ಅದರ ಕೆಳಗೆ "ಮರುಭೂಮಿಯ ಹೂ" ಎಂದು ಬರೆಯಬೇಡಿ, "ಡ್ರೀಕಾಳ ಮನೆ" ಎಂದು ಬರೆಯಿರಿ.