ಚೆಂಡು ಮುಟ್ಟದ ನಾಲ್ಕನೆಯವನು

ಸೆಪ್ಟೆಂಬರ್ ಬಂತೆಂದರೆ ಮೆಲ್ಬರ್ನಿನ ನಮ್ಮ ಆಫೀಸಿಗೆ ಅಮೆರಿಕನ್ ಫುಟ್‌ಬಾಲಿನ ಜ್ವರ. ಜ್ವರ ಇದ್ದದ್ದು ಅಮೆರಿಕದಿಂದ ಬಂದ ಮ್ಯಾನೇಜರ್ ಒಬ್ಬನಿಗೇ, ನಡುಗುತ್ತಿದ್ದವರು ನಾವು. ಅವನ ಊರಿನ ತಂಡದ ಆಟ ಸೋಮವಾರ ಬೆಳಿಗ್ಗೆ ಮೀಟಿಂಗ್ ರೂಮಿನ ಟಿವಿಯಲ್ಲಿ ಬರುತ್ತಿತ್ತು. ಟೀಮ್ ಲೀಡ್ ಆದ ನಾನು ತಪ್ಪದೆ ಹಾಜರ್.

"ನೀವು ಆಟ ನೋಡಿ ಬನ್ನಿ ಮಾರಾಯ್ರೆ, ಫೋನ್ ನಾನು ನೋಡಿಕೊಳ್ತೇನೆ" ಎನ್ನುತ್ತಿದ್ದರು ಪಕ್ಕದ ಮೇಜಿನ ಮಂಗಳೂರಿನ ಆಂಟಿ. ಅವರದು ಕಾಂಟ್ರ್ಯಾಕ್ಟ್ ಕೆಲಸ. ಸಿಸ್ಟಮ್ ಕೆಟ್ಟಿತೆಂದು ಕೂಗಾಡುವ ಗ್ರಾಹಕರನ್ನೆಲ್ಲ ಅವರೇ ಸಮಾಧಾನ ಮಾಡುತ್ತಿದ್ದರು. ನಾವು ನೆಮ್ಮದಿಯಾಗಿ ರಿಪೇರಿ ಮಾಡಿ ಹೆಸರು ತೆಗೆದುಕೊಳ್ಳುತ್ತಿದ್ದೆವು.

ಆ ವರ್ಷದ ಎರಡನೇ ಪಂದ್ಯ ಮುಗಿದಾಗ ಮ್ಯಾನೇಜರ್, "ನಮ್ಮ ರಿಸೀವರ್‌ಗಳು ಹೇಗೆ?" ಎಂದು ಕೇಳಿದ. ಮುಂದೆ ಓಡಿಹೋಗಿ, ಎಸೆದ ಚೆಂಡನ್ನು ಹಿಡಿಯುವವರು ಇವರು. ದಾವಣಗೆರೆಯ ಕ್ರಿಕೆಟ್ ಮೈದಾನದಲ್ಲಿ ಸ್ಲಿಪ್ಪಿನಲ್ಲಿ ನಿಂತ ನನಗೆ ಕ್ಯಾಚಿನ ಬಗ್ಗೆ ಯಾರು ಪಾಠ ಹೇಳಬೇಕು? ಮೊದಲನೆಯವನು ಭೇಷ್, ಎರಡನೆಯವನು ಎದೆಗೆ ಬಂದದ್ದನ್ನೂ ಬಿಡುತ್ತಾನೆ, ಮೂರನೆಯವನು ಹಿಡಿಯುವ ಮೊದಲೇ ಕುಣಿಯುತ್ತಾನೆ ಎಂದೆ.

"ನಾಲ್ಕನೆಯವನು ದಂಡ. ಒಂದು ಚೆಂಡೂ ಮುಟ್ಟಲಿಲ್ಲ. ಮನೆಗೆ ಕಳಿಸಿ" ಎಂದು ತೀರ್ಪನ್ನೂ ಕೊಟ್ಟೆ.

ಮ್ಯಾನೇಜರ್ ರಿಮೋಟ್ ಒತ್ತಿ ಆಟವನ್ನು ಹಿಂದಕ್ಕೆ ಓಡಿಸಿದ. ನಾಲ್ಕನೆಯವನು ಹೋದ ಕಡೆಗೆಲ್ಲ ಎದುರಾಳಿಗಳಿಬ್ಬರು ಅವನ ಬೆನ್ನು ಹತ್ತಿದ್ದರು. ಅವರನ್ನು ಅವನು ಎಳೆದುಕೊಂಡು ಹೋದದ್ದರಿಂದಲೇ ಮೊದಲನೆಯವನಿಗೆ ಚೆಂಡು ಹಿಡಿಯಲು ಜಾಗ ಸಿಕ್ಕಿತ್ತು.

"ಇವನಿಲ್ಲದಿದ್ದರೆ ಉಳಿದ ಮೂವರೂ ಶೂನ್ಯ" ಎಂದ ಮ್ಯಾನೇಜರ್.

ನನಗೆ ಪಕ್ಕದ ಮೇಜು ನೆನಪಾಯಿತು. ಹಿಂದಿನ ವಾರವಷ್ಟೇ, ಯಾರ ಕಾಂಟ್ರ್ಯಾಕ್ಟ್ ಮುಂದುವರಿಸಬೇಕೆಂಬ ಫಾರಂ ತುಂಬಿದ್ದೆ. ಆಂಟಿಯ ಹೆಸರಿನ ಮುಂದೆ "ರಿಪೇರಿ ಮಾಡಿದ್ದು ಒಂದೂ ಇಲ್ಲ, ಬೇಡ" ಎಂದು ಬರೆದಿದ್ದೆ.

ಫಾರಂ ವಾಪಸ್ ಕೊಡಿ ಎಂದು ಅಲ್ಲೇ ಕೇಳಿದೆ.

"ನೀನು ಬರೆದದ್ದಕ್ಕೆ ಶುಕ್ರವಾರವೇ ಸಹಿ ಹಾಕಿ ಕಳಿಸಿದೆನಲ್ಲ!" ಎಂದ. ಸಮುದ್ರದಾಚೆಯ ನಾಲ್ಕನೆಯವನನ್ನು ಕಂಡ ಈ ಮಹಾಶಯನಿಗೆ ಹತ್ತು ಹೆಜ್ಜೆ ದೂರದ ಆಂಟಿ ಕಂಡಿರಲಿಲ್ಲ. ನನಗಂತೂ ಅವರು ಪಕ್ಕದ ಮೇಜಿನಲ್ಲೇ ಇದ್ದರು.

ಹೊರಗೆ ಬಂದಾಗ ಆಂಟಿಯ ಕಿವಿಯಲ್ಲಿ ಫೋನ್ ಇತ್ತು. ಯಾರೋ ಅರಚುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಅವರು ಫೋನಿಗೆ ಕೈ ಅಡ್ಡ ಹಿಡಿದು, "ಗೆದ್ರಾ ಮಾರಾಯ್ರೆ?" ಎಂದರು.

"ಅದು ಇಲ್ಲಿ ಕೊಡಿ ಆಂಟಿ" ಎಂದು ಫೋನ್ ಇಸಿದುಕೊಂಡೆ. ಅವರಿಗೆ ನಿಜ ಹೇಳುವುದಕ್ಕಿಂತ ಗ್ರಾಹಕನ ಬೈಗುಳ ಕೇಳುವುದೇ ನನಗೆ ಸುಲಭವಾಗಿತ್ತು.